ಹೆಲಿಕೇಸ್ ಕತ್ತರಿಸಲ್ಲ, ಬಿಡಿಸುತ್ತೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರಿನ ವಿಜ್ಞಾನ ಪುಟದಲ್ಲಿ ಒಂದು ಜೀವಕೋಶ ಎರಡಾಗೋದು ಹೇಗೆ ಅಂತ ಒಂದು ಬರಹ ಬಂದಿತ್ತಲ್ಲ, ಓದಿ ಖುಷಿ ಆಯ್ತು, ಕನ್ನಡದಲ್ಲಿ ಇಂಥವು ಬರೋದೇ ಅಪರೂಪ, ಸೆಕೆಂಡ್ ಪಿಯು ಮಕ್ಕಳಿಗೆ ತೋರಿಸೋಣ ಅಂತ ಎತ್ತಿಟ್ಕೊಂಡೆ. ಆದ್ರೆ ಎರಡನೇ ಸಲ ಓದೋವಾಗ ಒಂದು ಸಾಲಿನಲ್ಲಿ ಕಣ್ಣು ನಿಂತುಬಿಡ್ತು. ಹೆಲಿಕೇಸ್ ಅನ್ನೋ ಕಿಣ್ವ ಡಿಎನ್‌ಎನ ಎರಡಾಗಿ ಕತ್ತರಿಸುತ್ತೆ ಅಂತ ಬರೆದಿದ್ದಾರೆ, ಪಕ್ಕದಲ್ಲಿ ಪುಟ್ಟದೊಂದು ಕತ್ತರಿ ಚಿತ್ರ ಬೇರೆ. ಆ ಒಂದು ಸಾಲಿಗೋಸ್ಕರ, ಆ ಕತ್ತರಿಗೋಸ್ಕರ ಈ ಪತ್ರ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರು ತಾಲ್ಲೂಕಿನಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡ್ತೀನಿ. ಪ್ರತಿ ವರ್ಷ ಪ್ರಿಪರೇಟರಿ ಪೇಪರ್ ತಿದ್ದೋವಾಗ ಇದೇ ಉತ್ತರ, ಹೆಲಿಕೇಸ್ ಕತ್ತರಿಸುತ್ತೆ, ಹೆಲಿಕೇಸ್ ತುಂಡು ಮಾಡುತ್ತೆ. ಮಕ್ಕಳದ್ದು ತಪ್ಪಿಲ್ಲ, ಅವರು ಓದೋ ಗೈಡಲ್ಲಿ ಹಾಗೇ ಇರುತ್ತೆ, ಟ್ಯೂಷನ್ ನೋಟ್ಸಲ್ಲೂ ಹಾಗೇ ಇರುತ್ತೆ, ಈಗ ಪೇಪರಲ್ಲೂ ಹಾಗೇ ಬಂದ್ರೆ ನಾನು ಕ್ಲಾಸಲ್ಲಿ ಎಷ್ಟು ಕಿರುಚಿದ್ರೂ ಯಾರು ನಂಬ್ತಾರೆ ಹೇಳಿ.

ಕತ್ತರಿಸೋದು ಬೇರೆ, ಬಿಡಿಸೋದು ಬೇರೆ. ಅಜ್ಜಿ ಮೊಮ್ಮಗಳ ಜಡೆ ಬಿಡಿಸು ಅಂದ್ರೆ ಯಾರೂ ಕತ್ತರಿ ತಗೊಂಡು ಬರಲ್ಲ. ಡಿಎನ್‌ಎ ಅಂದ್ರೆ ಒಂದಕ್ಕೊಂದು ಸುತ್ತಿಕೊಂಡಿರೋ ಎರಡು ಎಳೆ. ಒಂದೊಂದು ಎಳೆಗೂ ಸಕ್ಕರೆ ಮತ್ತು ಫಾಸ್ಫೇಟಿನ ಗಟ್ಟಿ ಬೆನ್ನೆಲುಬು ಇದೆ, ಅದನ್ನ ಮುರಿದ್ರೆ ಕತ್ತರಿಸಿದ ಹಾಗೆ. ಎಳೆಯ ಉದ್ದಕ್ಕೂ ಎ, ಟಿ, ಜಿ, ಸಿ ಅನ್ನೋ ನಾಲ್ಕು ಬಗೆಯ ಅಕ್ಷರ, ಅಂದ್ರೆ ಬೇಸ್‌ಗಳು, ಒಂದು ಎಳೆಯದ್ದು ಇನ್ನೊಂದರದ್ದಕ್ಕೆ ಜೋಡಿಯಾಗಿ ನಿಂತಿರುತ್ತೆ. ಎರಡು ಎಳೆ ನಡುವೆ ಇರೋದು ಹೈಡ್ರೋಜನ್ ಬಂಧ, ಎ ಮತ್ತು ಟಿ ನಡುವೆ 2, ಜಿ ಮತ್ತು ಸಿ ನಡುವೆ 3, ಒಂದೊಂದೇ ನೋಡಿದ್ರೆ ಬಹಳ ದುರ್ಬಲ. ಹೆಲಿಕೇಸ್ ಬಿಡಿಸೋದು ಈ ನಡುವಿನ ಬಂಧಗಳನ್ನ ಮಾತ್ರ, ಬೆನ್ನೆಲುಬಿನ ತಂಟೆಗೆ ಹೋಗೋದೇ ಇಲ್ಲ, ಅದು ಕೆಲಸ ಮುಗಿಸಿ ಮುಂದೆ ಹೋದ ಮೇಲೂ ಎರಡೂ ಎಳೆ ಒಂದು ಕಡೆಯಿಂದ ಇನ್ನೊಂದು ಕಡೆವರೆಗೆ ಅಖಂಡವಾಗಿ ಇರುತ್ತೆ, ಇರಲೇಬೇಕು, ಯಾಕಂದ್ರೆ ಜೀವಕೋಶ ಎರಡಾಗೋಕೆ ಮೊದಲು ಆ ಎಳೆಗಳನ್ನ ನೋಡ್ಕೊಂಡೇ ಪಾಲಿಮರೇಸ್ ಅನ್ನೋ ಇನ್ನೊಂದು ಕಿಣ್ವ ಹೊಸ ಎಳೆ ಕಟ್ಟಿ ಡಿಎನ್‌ಎನ ನಕಲು ಮಾಡಬೇಕು.

ನಾನು ಇದನ್ನ ಹೇಗೆ ಪಾಠ ಮಾಡ್ತೀನಿ ಅಂತ ಹೇಳ್ತೀನಿ. ನಮ್ಮ ಕಡೆ ತೆಂಗಿನ ನಾರಿನ ಹಗ್ಗಕ್ಕೆ ಬರ ಇಲ್ಲ. ಎರಡು ಎಳೆ ಹಾಕಿ ಬಿಗಿಯಾಗಿ ಹೊಸೆದ ಹಗ್ಗ, ಒಂದು ಎರಡು ಮಾರು ಉದ್ದದ್ದು, ಅದರ ಒಂದು ತುದಿಯನ್ನ ಲ್ಯಾಬಿನ ಕಿಟಕಿ ಸರಳಿಗೆ ಗಟ್ಟಿಯಾಗಿ ಕಟ್ತೀನಿ, ಇನ್ನೊಂದು ತುದಿಯ ಎರಡು ಎಳೆಯನ್ನ ಇಬ್ಬರು ಮಕ್ಕಳ ಕೈಗೆ ಕೊಟ್ಟು ಅತ್ತ ಇತ್ತ ಎಳೀರಿ ಅಂತೀನಿ. ಮೊದಲ ಒಂದು ಗೇಣು ಸಲೀಸಾಗಿ ಬಿಚ್ಕೊಳುತ್ತೆ. ಆಮೇಲೆ ನೋಡಬೇಕು, ಮುಂದಿರೋ ಹಗ್ಗ ಬಿಗೀತಾ ಬಿಗೀತಾ ಹೋಗಿ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಗಂಟು ಗಂಟಾಗಿ ನಿಂತುಬಿಡುತ್ತೆ, ಇಬ್ಬರು ಗಟ್ಟಿ ಹುಡುಗರು ಕಾಲು ಕೊಟ್ಟು ಎಳೆದ್ರೂ ಮುಂದಕ್ಕೆ ಹೋಗಲ್ಲ. ಕೈಯಲ್ಲಿ ಹಗ್ಗ ಹಿಡಿದವರಿಗೇ ಮೊದಲು ಗೊತ್ತಾಗುತ್ತೆ, ಅಂಗೈ ಉರಿಯೋಕೆ ಶುರು ಆಗುತ್ತೆ. ಯಾಕೆ ಅಂತ ಕೇಳಿದ್ರೆ ಹಿಂದಿನ ಬೆಂಚಿನ ಹುಡುಗಿ ಹೇಳಿದ್ಳು, ಮೇಡಂ ಇಲ್ಲಿ ಬಿಚ್ಚಿದ ಹುರಿ ಎಲ್ಲಿಗೂ ಹೋಗಿಲ್ಲ, ಅಷ್ಟೂ ಮುಂದಕ್ಕೆ ಹೋಗಿ ಕೂತಿದೆ ಅಂತ. ಜಿಪ್ಪಿನ ಹೋಲಿಕೆ ಕೊಟ್ಟು ಪಾಠ ಮಾಡಿದ್ರೆ ಈ ಮಾತು ಯಾರ ಬಾಯಲ್ಲೂ ಬರಲ್ಲ, ಜಿಪ್ಪಿನಲ್ಲಿ ಹುರಿನೇ ಇಲ್ಲ.

ಆ ಹುಡುಗಿ ಹೇಳಿದ್ದು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್‌ರನ್ನೂ ಕಾಡಿದ ಪ್ರಶ್ನೆ. ಡಬಲ್ ಹೆಲಿಕ್ಸ್ ಮಾದರಿ ಕೊಟ್ಟ ಒಂದು ತಿಂಗಳಿಗೆ ಬರೆದ ಎರಡನೇ ಲೇಖನದಲ್ಲಿ, ಸುತ್ತಿಕೊಂಡ ಎಳೆಗಳು ಬೇರೆ ಆಗಬೇಕಂದ್ರೆ ಹುರಿ ಬಿಚ್ಚಲೇಬೇಕು, ಅದು ಕಷ್ಟದ ಮಾತು ಅಂತ ಅವರೇ ಒಪ್ಕೊಂಡಿದ್ರು. ಮ್ಯಾಕ್ಸ್ ಡೆಲ್‌ಬ್ರುಕ್ ಅನ್ನೋ ವಿಜ್ಞಾನಿಗೆ ಇದು ಎಷ್ಟು ದೊಡ್ಡ ತೊಡಕು ಅನ್ನಿಸ್ತು ಅಂದ್ರೆ 1954ರಲ್ಲಿ ಎಳೆಗಳು ಅಲ್ಲಲ್ಲಿ ಮುರಿದು ಮತ್ತೆ ಕೂಡಬೇಕು ಅಂತ ಬೇರೆಯದೇ ದಾರಿ ಸೂಚಿಸಿದ್ರು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಪ್ರಯೋಗ ಮಾಡಿ, ಹಳೇ ಎಳೆ ಒಂದೊಂದು ಹೊಸ ಡಿಎನ್‌ಎಗೆ ಹಂಚಿಕೆ ಆಗುತ್ತೆ ಅಂತ ತೋರಿಸಿದ್ರು, ಅಂದ್ರೆ ಎಳೆ ಬೇರೆ ಆಗೋದಂತೂ ನಿಜ. ಬೇರೆ ಮಾಡೋರು ಯಾರು ಅಂತ ಗೊತ್ತಾಗೋಕೆ 1976 ಬರಬೇಕಾಯ್ತು, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹಾಫ್‌ಮನ್-ಬರ್ಲಿಂಗ್ ಅವರ ಲ್ಯಾಬಿನವರು ಇ. ಕೋಲಿ ಬ್ಯಾಕ್ಟೀರಿಯಾದಿಂದ ಮೊದಲ ಹೆಲಿಕೇಸ್ ತೆಗೆದು, ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಎಳೆ ಬಿಡಿಸೋ ಪ್ರೋಟೀನ್ ಇದು ಅಂತ ತೋರಿಸಿದ್ರು. ಎರಡು ವರ್ಷ ಆದ ಮೇಲೆ ಲಿಲ್ಲಿ ಹೂವಿನ ಗಿಡದಲ್ಲೂ ಒಂದು ಸಿಕ್ತು.

ಹಗ್ಗಕ್ಕೆ ವಾಪಸ್ ಬರ್ತೀನಿ, ಮುಖ್ಯವಾದ ವಿಷಯ ಅಲ್ಲಿದೆ. ಇಬ್ಬರು ಎರಡೂ ಕಡೆ ಎಳೀತಿದ್ರಲ್ಲ, ಹೆಲಿಕೇಸ್ ನಿಜವಾಗಿ ಹಾಗೆ ಎಳೆಯೋದಿಲ್ಲ. ಎರಡನೇ ಸಲ ನಾನು ಚಿಕ್ಕ ಮಗುವಿನ ಕೈಬಳೆ ಒಂದು ತಗೊಂಡು, ಹಗ್ಗದ ಒಂದು ಎಳೆಯನ್ನ ಮಾತ್ರ ಅದರೊಳಗೆ ತೂರಿಸಿ, ಬಳೆಯನ್ನ ಹಗ್ಗದ ಕಡೆಗೆ ದೂಡ್ತೀನಿ. ಒಂದು ಎಳೆ ಬಳೆ ಒಳಗೆ, ಇನ್ನೊಂದಕ್ಕೆ ಒಳಗೆ ಜಾಗ ಇಲ್ಲ, ಬಳೆ ಮುಂದೆ ಹೋದ ಹಾಗೆಲ್ಲ ಅದು ಹೊರಗೇ ಉಳೀತಾ ಸರಿದು ಬೇರೆ ಆಗುತ್ತೆ. ಇ. ಕೋಲಿಯ ಡಿಎನ್‌ಎ-ಬಿ ಅನ್ನೋ ಹೆಲಿಕೇಸ್ ಮಾಡೋದು ಇದನ್ನೇ. ಅದು ಒಂದೇ ಥರದ 6 ಪ್ರೋಟೀನ್ ಸೇರಿ ಆಗಿರೋ ಉಂಗುರ, ಲ್ಯಾಗಿಂಗ್ ಎಳೆಗೆ, ಅಂದ್ರೆ ತುಂಡು ತುಂಡಾಗಿ ಕಟ್ಟೋ ಹೊಸ ಎಳೆಗೆ, ಅಚ್ಚಾಗೋ ಹಳೇ ಎಳೆಯನ್ನ ಒಳಗೆ ಹಾಕ್ಕೊಂಡು ಅದರ 5 ಪ್ರೈಮ್ ಅನ್ನೋ ತುದಿ ಕಡೆಯಿಂದ 3 ಪ್ರೈಮ್ ಅನ್ನೋ ತುದಿ ಕಡೆಗೆ ನಡೆಯುತ್ತೆ, ಜೊತೆ ಎಳೆ ಹೊರಗೆ.

ಹೇಗೆ ನಡೆಯುತ್ತೆ ಅನ್ನೋದೇ ಚೆಂದ. ಬಾವಿಯಿಂದ ನೀರು ಸೇದೋವಾಗ ಒಂದು ಕೈ ಹಗ್ಗ ಹಿಡಿದಿರುತ್ತೆ, ಇನ್ನೊಂದು ಕೈ ಬಿಟ್ಟು ಮುಂದಕ್ಕೆ ಹೋಗಿ ಹಿಡ್ಕೊಳ್ಳುತ್ತೆ, ಎರಡೂ ಒಟ್ಟಿಗೆ ಬಿಟ್ರೆ ಕೊಡ ಬಾವಿಗೆ. ಉಂಗುರದ 6 ಪ್ರೋಟೀನೂ 6 ಕೈ ಇದ್ದ ಹಾಗೆ. ಪಕ್ಕಪಕ್ಕದ ಎರಡು ಪ್ರೋಟೀನ್ ಸೇರೋ ಸಂದಿಯಲ್ಲಿ ಎಟಿಪಿ ಬಂದು ಕೂರುತ್ತೆ, ಅದು ಒಡೆದಾಗ ಹಿಂದಿದ್ದ ಕೈ ಎಳೆಯನ್ನ ಬಿಟ್ಟು, ಎಲ್ಲರಿಗಿಂತ ಮುಂದೆ ಹೋಗಿ ಮತ್ತೆ ಹಿಡ್ಕೊಳ್ಳುತ್ತೆ, ಆಮೇಲೆ ಈಗ ಎಲ್ಲರಿಗಿಂತ ಹಿಂದೆ ಉಳಿದಿರೋದರ ಸರದಿ. ಹಾಗಾಗಿ ಎಳೆ ಹಿಡಿದಾಗ ಉಂಗುರ ಚಪ್ಪಟೆ ಇರಲ್ಲ, ಸುರುಳಿ ಮೆಟ್ಟಿಲಿನ ಹಾಗೆ ಸ್ವಲ್ಪ ಏರಿಳಿದಿರುತ್ತೆ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಥಾಮಸ್ ಸ್ಟೈಟ್ಸ್ ಅವರ ತಂಡ ಡಿಎನ್‌ಎ-ಬಿ ಎಳೆ ಹಿಡಿದಿರೋ ಸ್ಥಿತಿಯಲ್ಲೇ ಅದರ ರಚನೆ ಕಂಡುಹಿಡಿದು, ಒಂದೊಂದು ಹೆಜ್ಜೆಗೆ 2 ಅಕ್ಷರ ದಾಟುತ್ತೆ ಅಂತ ಲೆಕ್ಕ ಕೊಟ್ಟಿದ್ರು. ನಮ್ಮ ವೆಂಕಿ ರಾಮಕೃಷ್ಣನ್ ಜೊತೆ 2009ರಲ್ಲಿ ನೊಬೆಲ್ ಹಂಚ್ಕೊಂಡವರು ಇವರೇ.

ಇಷ್ಟು ಹೇಳಿದ ಮೇಲೆ ಮಕ್ಕಳೇ ತಕರಾರು ತೆಗೆದ್ರು. ಹಗ್ಗಕ್ಕೆ ತುದಿ ಇತ್ತು, ನೀವು ಬಳೆ ತೂರಿಸಿದ್ರಿ, ಬ್ಯಾಕ್ಟೀರಿಯಾದ ಡಿಎನ್‌ಎ ಗುಂಡಗಿದೆ ಅಂತ ಹೋದ ವಾರ ನೀವೇ ಹೇಳಿದ್ರಿ, ತುದಿನೇ ಇಲ್ಲದ ಕಡೆ ಬಳೆ ತೊಡಿಸೋದು ಹೇಗೆ? ಎಂಥ ಪ್ರಶ್ನೆ ನೋಡಿ! ಜಾತ್ರೆಯಲ್ಲಿ ಬಳೆಗಾರ ಇರ್ತಾನಲ್ಲ, ಹಾಗೆ ಇಲ್ಲೂ ಒಬ್ಬ ಬಳೆಗಾರ ಇದ್ದಾನೆ, ಡಿಎನ್‌ಎ-ಸಿ ಅನ್ನೋ ಪ್ರೋಟೀನ್. ತಿರುಪಿನ ಕಡಗ ಬಿಚ್ಚೋ ಹಾಗೆ ಅದು ಉಂಗುರವನ್ನ ಒಂದು ಕಡೆ ಬಾಯಿ ಬಿಡಿಸಿ ಎಳೆಗೆ ತೊಡಿಸಿ ತಾನು ಪಕ್ಕಕ್ಕೆ ಸರಿಯುತ್ತೆ. ಅದಕ್ಕೂ ಮೊದಲು ಡಿಎನ್‌ಎ-ಎ ಅನ್ನೋದು ಬಂದು, ಆರಂಭದ ಜಾಗದಲ್ಲಿ ಎ ಮತ್ತು ಟಿ ಜಾಸ್ತಿ ಇರೋ ಕಡೆ ಎಳೆಗಳನ್ನ ಒಂಚೂರು ಸಡಿಲ ಮಾಡಿರುತ್ತೆ, ಎರಡೇ ಬಂಧ ಇರೋದ್ರಿಂದ ಅಲ್ಲಿ ಬಿಡಿಸೋದು ಸುಲಭ. ಹೀಗೆ ಎರಡು ಬಳೆ ಕೂರುತ್ತೆ, ಒಂದು ಎಡಕ್ಕೆ ಒಂದು ಬಲಕ್ಕೆ ಹೊರಡುತ್ತೆ.

ವೇಗದ ಲೆಕ್ಕವನ್ನ ಬೋರ್ಡ್ ಮೇಲೆ ಮಕ್ಕಳ ಕೈಲೇ ಮಾಡಿಸ್ತೀನಿ. ಇ. ಕೋಲಿಗೆ ಸುಮಾರು 46 ಲಕ್ಷ ಬೇಸ್ ಜೋಡಿ, ಎರಡು ಬಳೆ ಎರಡು ಕಡೆಗೆ ಎಳೆ ಬಿಡಿಸ್ತಾ ಹೋಗೋ ಎರಡು ಕವಲು ಹಂಚ್ಕೊಂಡ್ರೆ ಒಂದಕ್ಕೆ 23 ಲಕ್ಷ, ಸೆಕೆಂಡಿಗೆ ಸುಮಾರು 1000 ಅಂದ್ರೆ 2300 ಸೆಕೆಂಡ್, ಅಂದ್ರೆ 40 ನಿಮಿಷ ಆಸುಪಾಸು, ಒಂದು ಪೀರಿಯಡ್ ಮುಗಿಯೋದ್ರೊಳಗೆ. ಡಿಎನ್‌ಎಯ ಒಂದು ಸುತ್ತಿಗೆ ಸುಮಾರು 10.5 ಜೋಡಿ. ಹಾಗಾದ್ರೆ ಸೆಕೆಂಡಿಗೆ 95 ಸುತ್ತು ಬಿಚ್ಚಬೇಕು, ನಿಮಿಷಕ್ಕೆ 5700. ತಲೆ ಮೇಲೆ ತಿರುಗೋ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಲ್ಲೂ ನಿಮಿಷಕ್ಕೆ 300, 350 ಸುತ್ತು ಅಷ್ಟೇ. ಮಕ್ಕಳು ಒಂದು ಸಲ ಫ್ಯಾನ್ ನೋಡ್ತಾರೆ, ಒಂದು ಸಲ ಬೋರ್ಡ್ ನೋಡ್ತಾರೆ. ಇದರಲ್ಲೂ ಒಂದು ವಿಷಯ ಇದೆ, ಡಿಎನ್‌ಎ-ಬಿ ಒಂಟಿಯಾಗಿ ಹೋದ್ರೆ ಸೆಕೆಂಡಿಗೆ 35ರ ಆಸುಪಾಸು ಮಾತ್ರ, ಹಿಂದೆ ಬರೋ ಪಾಲಿಮರೇಸ್ ಬಳಗದ ಒಂದು ಭಾಗ ಅದರ ಕೈ ಹಿಡಿದಾಗ ಮಾತ್ರ ಈ ಓಟ. ಹಿಂದೆ ನಕಲು ಮಾಡೋರು ಇಲ್ಲದೆ ಮುಂದೆ ಬರೀ ಬಿಡಿಸ್ತಾ ಹೋದ್ರೆ ಒಂಟಿ ಎಳೆ ಬಯಲಲ್ಲಿ ಬಿದ್ದಿರುತ್ತೆ, ಹಾಳಾಗುತ್ತೆ, ಹಾಗಾಗಿ ಈ ಕಡಿವಾಣ. ಬಿಡಿಸಿದ ಎಳೆ ಮತ್ತೆ ಸುತ್ತಿಕೊಳ್ಳದ ಹಾಗೆ ಮೈಮೇಲೆ ಕೂತು ಕಾಯೋಕೂ ಬೇರೆ ಪ್ರೋಟೀನ್ ಇದೆ.

ಈಗ ನಿಮ್ಮ ಕತ್ತರಿ ಚಿತ್ರಕ್ಕೆ ಬರ್ತೀನಿ. ಕಿಟಕಿ ಹತ್ತಿರ ಗಂಟಾಗಿ ನಿಂತ ಹಗ್ಗ ನೆನಪಿದೆಯಲ್ಲ, ಆ ಮುಂದಿನ ಬಿಗಿಯನ್ನ ಇಳಿಸೋಕೆ ಒಬ್ಬರು ಬೇಕು, ಬ್ಯಾಕ್ಟೀರಿಯಾದಲ್ಲಿ ಆ ಕೆಲಸ ಗೈರೇಸ್ ಅನ್ನೋ ಇನ್ನೊಂದು ಕಿಣ್ವದ್ದು. ಕತ್ತರಿಸೋದು ಇದು! ಡಿಎನ್‌ಎಯ ಎರಡೂ ಎಳೆ ಕತ್ತರಿಸಿ, ತುದಿಗಳನ್ನ ಕೈಬಿಡದೆ ಹಿಡ್ಕೊಂಡೇ, ನಡುವಿನಿಂದ ಇನ್ನೊಂದು ಕಡೆಯ ಡಿಎನ್‌ಎ ದಾಟಿಸಿ, ಮತ್ತೆ ಬೆಸೆದುಬಿಡುತ್ತೆ. ಡೆಲ್‌ಬ್ರುಕ್ 1954ರಲ್ಲಿ ಊಹಿಸಿದ ಮುರಿದು ಕೂಡೋ ಕೆಲಸದ ಒಂದು ಅಂಶ ಇಲ್ಲಿ ನಿಜ ಆಯ್ತು ಅನ್ನಬಹುದು. ಕತ್ತರಿಸೋದು ಎಷ್ಟು ಅಪಾಯದ ಕೆಲಸ ಅನ್ನೋದಕ್ಕೆ ನಮ್ಮೂರ ಮೆಡಿಕಲ್ ಶಾಪಲ್ಲೇ ಸಾಕ್ಷಿ ಇದೆ, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಗೊತ್ತಲ್ಲ, ಅದು ಗೈರೇಸ್ ಕತ್ತರಿಸಿದ ಮೇಲೆ ಬೆಸೆಯೋಕೆ ಬಿಡದ ಹಾಗೆ ಹಿಡಿದುಬಿಡುತ್ತೆ, ಕತ್ತರಿಸಿದ್ದು ಕತ್ತರಿಸಿದ ಹಾಗೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತೆ. ಹೆಲಿಕೇಸ್ ಕತ್ತರಿಸುತ್ತೆ ಅಂತ ಬರೆದ್ರೆ ಈ ಎರಡು ಕೆಲಸದ ವ್ಯತ್ಯಾಸನೇ ಅಳಿಸಿಹೋಗುತ್ತೆ, ಆಮೇಲೆ ಆ ಮಾತ್ರೆ ಹೇಗೆ ಕೆಲಸ ಮಾಡುತ್ತೆ ಅಂತ ಅದೇ ಮಕ್ಕಳಿಗೆ ಯಾವ ಬಾಯಲ್ಲಿ ಹೇಳಲಿ?

ನಮ್ಮ ಜೀವಕೋಶದಲ್ಲಿ ಬಳೆ ಬೇರೆ. ಅದಕ್ಕೆ ಎಂಸಿಎಂ ಅಂತ ಹೆಸರು, 2ರಿಂದ 7ರವರೆಗೆ ನಂಬರ್ ಇರೋ 6 ಬೇರೆ ಬೇರೆ ಪ್ರೋಟೀನ್ ಸೇರಿ ಒಂದು ಉಂಗುರ. 1984ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಬಿಕ್ ಟೈ ಅವರ ಲ್ಯಾಬಿನವರು ಬ್ರೆಡ್ ಉಬ್ಬಿಸೋ ಯೀಸ್ಟಿನಲ್ಲಿ ಪುಟ್ಟ ಕ್ರೋಮೊಸೋಮ್ ಕಾಪಾಡ್ಕೊಳ್ಳೋಕೆ ಆಗದ ತಳಿಗಳನ್ನ ಹುಡುಕ್ತಾ ಇದ್ದಾಗ ಈ ಜೀನ್‌ಗಳ ಸುಳಿವು ಸಿಕ್ತು. ಇದು ಒಂಟಿಯಾಗಿ ಓಡಲ್ಲ, ಸಿಡಿಸಿ45 ಮತ್ತು ಜಿನ್ಸ್ ಅನ್ನೋ ಜೊತೆಗಾರರು ಬಂದು ಸೇರಿದ್ರೇನೇ ಬಿಡಿಸೋ ಯಂತ್ರ ಪೂರ್ತಿ ಆಗೋದು, ಅದನ್ನ ಇಡಿಯಾಗಿ ಹೊರತೆಗೆದು ತೋರಿಸಿದ್ದು 2006ರಲ್ಲಿ, ಬರ್ಕ್ಲಿಯ ಮೈಕಲ್ ಬಾಚನ್ ಅವರ ಲ್ಯಾಬು. ಇದು ನಡೆಯೋ ದಿಕ್ಕೂ ಉಲ್ಟಾ, ಲೀಡಿಂಗ್ ಎಳೆಯ, ಅಂದ್ರೆ ಒಂದೇ ಸಮನೆ ಕಟ್ಟೋ ಹೊಸ ಎಳೆಯ, ಅಚ್ಚಿನ ಮೇಲೆ 3 ಪ್ರೈಮ್‌ನಿಂದ 5 ಪ್ರೈಮ್ ಕಡೆಗೆ.

ನನಗೆ ಇದರಲ್ಲಿ ಬಹಳ ಇಷ್ಟ ಆಗೋದು ಸಮಯದ ಲೆಕ್ಕಾಚಾರ. ಜೀವಕೋಶ ನಕಲು ಶುರು ಮಾಡೋಕೆ ಎಷ್ಟೋ ಮುಂಚೆನೇ, ಜಿ1 ಹಂತದಲ್ಲಿ, ಎರಡೆರಡು ಎಂಸಿಎಂ ಬಳೆ ಎದುರುಬದುರಾಗಿ ಡಿಎನ್‌ಎ ಮೇಲೆ ಕೂರುತ್ತೆ, ಆಗ ಬಳೆ ಒಳಗೆ ಎರಡೂ ಎಳೆ ಇರುತ್ತೆ, ಹಾಗಾಗಿ ಸುಮ್ಮನೆ ಕೂತಿರುತ್ತೆ, ಏನೂ ಬಿಡಿಸಲ್ಲ. ನಕಲು ನಡೆಯೋ ಎಸ್ ಹಂತ ಬಂದಾಗ ಜೊತೆಗಾರರು ಸೇರಿ ಒಂದು ಎಳೆಯನ್ನ ಹೊರಗೆ ಹಾಕಿದ ಮೇಲೆ ಓಟ. ಆಗ ಹೊಸ ಬಳೆ ತೊಡಿಸೋದು ಪೂರ್ತಿ ಬಂದ್. ತೊಡಿಸೋ ಹೊತ್ತು ಬೇರೆ, ಓಡೋ ಹೊತ್ತು ಬೇರೆ, ಹಾಗಾಗಿ ಯಾವ ಜಾಗವೂ ಒಂದೇ ಸರದಿಯಲ್ಲಿ ಎರಡು ಸಲ ನಕಲಾಗಲ್ಲ. ನಮ್ಮ 1ನೇ ಕ್ರೋಮೊಸೋಮ್‌ನಲ್ಲಿ ಸುಮಾರು 25 ಕೋಟಿ ಬೇಸ್ ಜೋಡಿ, ನಮ್ಮ ಕವಲು ನಿಮಿಷಕ್ಕೆ 2000ದ ಲೆಕ್ಕದಲ್ಲಿ ನಿಧಾನ, ಒಂದೇ ಕಡೆ ಶುರು ಮಾಡಿದ್ರೆ ಎರಡು ಕವಲು ಓಡಿದ್ರೂ 43 ದಿನ ಬೇಕು. ಆದ್ರೆ ಎಸ್ ಹಂತ 8 ಗಂಟೆ ಆಸುಪಾಸಲ್ಲಿ ಮುಗಿಯುತ್ತೆ, ಯಾಕಂದ್ರೆ ಸಾವಿರಾರು ಕಡೆ ಬಳೆಗಳು ಮೊದಲೇ ಕಾದು ಕೂತಿರುತ್ತೆ.

ಇದೆಲ್ಲ ಪಿಯು ಮಕ್ಕಳಿಗೆ ಯಾಕೆ, ಪೇಪರ್ ಓದೋರಿಗೆ ಯಾಕೆ ಅಂತ ನೀವು ಕೇಳಬಹುದು. ಹೆಲಿಕೇಸ್ ಅಂದ್ರೆ ಒಂದೇ ಅಲ್ಲ, ನಕಲು ಮಾಡೋ ಕೆಲಸದ್ದು ಬೇರೆ, ರಿಪೇರಿ ಮಾಡೋ ಕೆಲಸದವು ಬೇರೆ, ದೊಡ್ಡ ಸಂಸಾರ ಅದು. ರಿಪೇರಿ ಕಡೆಯ ಡಬ್ಲ್ಯುಆರ್‌ಎನ್ ಅನ್ನೋ ಹೆಲಿಕೇಸ್ ಕೆಟ್ಟಿದ್ರೆ ವರ್ನರ್ ಸಿಂಡ್ರೋಮ್ ಬರುತ್ತೆ, ಇಪ್ಪತ್ತರ ವಯಸ್ಸಲ್ಲೇ ಕೂದಲು ನೆರೆಯುತ್ತೆ, ಮೂವತ್ತರ ಆಸುಪಾಸಲ್ಲಿ ಕಣ್ಣಿಗೆ ಪೊರೆ ಬರುತ್ತೆ, ಆ ಜೀನ್ ಸಿಕ್ಕಿದ್ದು 1996ರಲ್ಲಿ. ಬಿಎಲ್‌ಎಂ ಅನ್ನೋದು ಕೆಟ್ಟಿದ್ರೆ ಬ್ಲೂಮ್ ಸಿಂಡ್ರೋಮ್, ಬೆಳವಣಿಗೆ ಕಮ್ಮಿ, ಬಿಸಿಲಿಗೆ ಮುಖದ ಮೇಲೆ ಕೆಂಪು, ಸಣ್ಣ ವಯಸ್ಸಲ್ಲೇ ಕ್ಯಾನ್ಸರ್. ಇವೆಲ್ಲ ಬಹಳ ಅಪರೂಪ, ಆದ್ರೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಬರೋ ಕಾಯಿಲೆಗಳು, ಸೋದರಮಾವನಿಗೋ ಅತ್ತೆ ಮಗನಿಗೋ ಕೊಡೋ ಪದ್ಧತಿ ಇನ್ನೂ ಇರೋ ನಮ್ಮ ಕಡೆ ಇಂಥ ಕಾಯಿಲೆಗಳ ವಿಷಯ ತಿಳ್ಕೊಂಡಿರೋದು ಒಳ್ಳೇದು. ಅದೇ ಡಬ್ಲ್ಯುಆರ್‌ಎನ್ ಇಲ್ಲದೆ ಕೆಲವು ಬಗೆಯ ಕ್ಯಾನ್ಸರ್ ಕೋಶಗಳು ಬದುಕೋದೇ ಇಲ್ಲ ಅಂತ 2019ರಲ್ಲಿ ಗೊತ್ತಾಯ್ತು, ಅದನ್ನ ತಡೆಯೋ ಔಷಧಗಳು ಈಗ ರೋಗಿಗಳ ಮೇಲಿನ ಟ್ರಯಲ್‌ವರೆಗೂ ಬಂದಿದೆ.

ಇನ್ನೊಂದು ಹೇಳಲೇಬೇಕು. ಎರಡು ವರ್ಷದ ಕೆಳಗೆ ನಮ್ಮಮ್ಮನಿಗೆ ಸರ್ಪಸುತ್ತು ಆಯ್ತು, ಬೆನ್ನಿಂದ ಸೊಂಟದವರೆಗೆ ಪಟ್ಟೆ ಎದ್ದಿತ್ತು, ರಾತ್ರಿ ಎಲ್ಲ ಉರಿ ಉರಿ ಅಂತ ಎದ್ದು ಕೂರೋರು, ಊರಲ್ಲಿ ಕೆಮ್ಮಣ್ಣು ಹಚ್ಚಿಸಿ ಅಂದವರೇ ಜಾಸ್ತಿ. ಡಾಕ್ಟರು ಕೊಟ್ಟ ಮಾತ್ರೆ ವೈರಸ್ಸಿನ ಪಾಲಿಮರೇಸ್ ತಡೆಯೋದು. ಆಗ ಓದ್ತಾ ಕೂತಿದ್ದಾಗ ನೋಡಿದೆ, ಜಪಾನಿನಲ್ಲಿ 2017ರಲ್ಲೇ ಸರ್ಪಸುತ್ತಿಗೆ ಅಮೆನಾಮೆವಿರ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿದೆ, ಅದು ಹಿಡಿಯೋದು ವೈರಸ್ಸಿನ ಹೆಲಿಕೇಸನ್ನ. ಎಳೆ ಬಿಡಿಸೋಕೆ ಬಿಡದಿದ್ರೆ ನಕಲು ಎಲ್ಲಿಂದ ಆಗುತ್ತೆ? ಅಮ್ಮ ಏಳನೇ ಕ್ಲಾಸ್ ಓದಿದವರು, ಹಾಸಿಗೆ ಮೇಲೆ ಕೂತೇ ಹಗ್ಗದ ಕತೆ ಕೇಳಿ, ಹಾಗಾದ್ರೆ ಹುರಿ ಬಿಚ್ಚೋನ ಕೈ ಕಟ್ಟಿಹಾಕೋ ಮಾತ್ರೆ ಅನ್ನು ಅಂದ್ರು. ಅವರಿಗೆ ಒಂದು ಸಲಕ್ಕೆ ಅರ್ಥ ಆಯ್ತು, ಯಾಕಂದ್ರೆ ಅವರ ತಲೆಯಲ್ಲಿ ಕತ್ತರಿ ಇರಲಿಲ್ಲ.

ಹಾಗಾಗಿ ಕೇಳ್ಕೊಳ್ಳೋದು ಇಷ್ಟೇ. ಬರೋ ಭಾನುವಾರ ಅದೇ ಪುಟದಲ್ಲಿ, ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ ತಿದ್ದುಪಡಿ ಹಾಕಿ. ಎಳೆಎಳೆಯಾಗಿ ಬಿಡಿಸಿ ಹೇಳು ಅನ್ನೋ ಮಾತು ಇರೋ ಭಾಷೆ ನಮ್ಮದು, ಈ ಕಿಣ್ವಕ್ಕೆ ಪದ ಹುಡುಕೋಕೆ ಎಲ್ಲಿಗೂ ಹೋಗಬೇಕಿಲ್ಲ, "ಡಿಎನ್‌ಎ ನಕಲಾಗುವಾಗ ಕೆಲಸ ಮಾಡುವ ಹೆಲಿಕೇಸ್ ಉಂಗುರದ ಆಕಾರದ ಪ್ರೋಟೀನ್, ಒಂದು ಎಳೆಯ ಮೇಲೆ ನಡೆಯುತ್ತಾ ಇನ್ನೊಂದು ಎಳೆಯನ್ನು ಬಿಡಿಸುತ್ತದೆ" ಅಂತ ಒಂದು ಸಾಲು ಸಾಕು. ಕತ್ತರಿ ಚಿತ್ರದ ಬದಲು ಎರಡೆಳೆ ಹಗ್ಗ ಮತ್ತು ಒಂದು ಬಳೆ ಹಾಕಿ. ಫೋಟೋ ಬೇಕಾದ್ರೆ ನಮ್ಮ ಲ್ಯಾಬಿನ ಕಿಟಕಿಗೆ ಕಟ್ಟಿರೋ ಹಗ್ಗದ್ದೇ ತೆಗೆದು ಕಳಿಸ್ತೀನಿ, ಬಳೆ ಇನ್ನೂ ಅದರಲ್ಲೇ ಇದೆ.

ಇಂತಿ,
ಒಬ್ಬ ಪಿಯು ಜೀವಶಾಸ್ತ್ರ ಉಪನ್ಯಾಸಕಿ,
ತಿಪಟೂರು ತಾಲ್ಲೂಕು